ಅತಿವ್ಯಾಪ್ತಿ: ಭಾಷೆಯಲ್ಲಿಯೂ ಇತಿಹಾಸದಲ್ಲಿಯೂ

ಒಂದು ವಸ್ತುವಿಗೆ ಲಕ್ಷಣವನ್ನು ಹೇಳುವಾಗ ಬೇರೆಯದನ್ನೂ ಅದರೊಳಗೆ ಸೇರಿಸಿಬಿಡುವ ದೋಷಕ್ಕೆ ನೈಯಾಯಿಕರು ‘ಅತಿವ್ಯಾಪ್ತಿ’ ಎಂದು ಹೆಸರಿಟ್ಟಿದ್ದಾರೆ. ‘ಕೊಂಬುಳ್ಳುದೇ ಹಸು’ ಎಂದರೆ ಎಮ್ಮೆಯೂ ಹಸುವಾಗುತ್ತದೆ. ಕೆಲವೇ ನಿದರ್ಶನಗಳಿಂದ ಕಟ್ಟಿದ ನಿಯಮವನ್ನು ಎಲ್ಲೆ ಮೀರಿ ಎಳೆಯುವ ತಪ್ಪಿಗೂ ಈ ಹೆಸರು ಸಲ್ಲುತ್ತದೆ.

ಭಾಷೆಯನ್ನು ಕಲಿಯುವವರಲ್ಲಿ ಇದು ಸಹಜ. ‘ನೋಡಿದ’, ‘ಹಾಡಿದ’ ಎಂಬ ರೂಪಗಳನ್ನು ಕೇಳಿದ ಮಗು ‘ಕೊಟ್ಟ’ ಎನ್ನದೆ ‘ಕೊಡಿದ’ ಎನ್ನುವುದುಂಟು. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕೊಡವ ಭಾಷೆಯ ‘ಪತ್ತ್’, ‘ಪಂದಿ’ಗಳು ಕನ್ನಡದಲ್ಲಿ ‘ಹತ್ತು’, ‘ಹಂದಿ’. ‘ಪುತ್ತರಿ’ ಹಬ್ಬವೇ ಕನ್ನಡಿಗರ ಬಾಯಲ್ಲಿ ‘ಹುತ್ತರಿ’. ಇಷ್ಟನ್ನು ಕಂಡು, ಎರಡು ಭಾಷೆಗಳ ಸದೃಶ ಪದಗಳೆಲ್ಲ ಸಮಾನಾರ್ಥಕಗಳೆಂದು ನಂಬಿದವನು ‘ನರಿ ಮಂಗಲ’ವನ್ನು ನರಿಯ ಮದುವೆಯೆಂದು ತಿಳಿದಾನು. ಕೊಡವರಿಗೆ ನರಿಯೆಂದರೆ ಹುಲಿ. ಹುಲಿಯನ್ನು ಕೊಂದ ವೀರನಿಗೆ ಹಿಂದೆ ಸಲ್ಲುತ್ತಿದ್ದ ಮರ್ಯಾದೆಯದು. ಇಂತಹ ತಪ್ಪನ್ನು ಎದುರಿಗಿದ್ದವರು ನಕ್ಕು ತಿದ್ದುತ್ತಾರೆ.

ಇತಿಹಾಸದಲ್ಲಿ ಹಾಗೆ ತಿದ್ದುವವರು ಎದುರಿಗಿರುವುದಿಲ್ಲ. ಆಂಗ್ಲರ ‘ಕೂರ್ಗ್’ ಎಂಬ ಒಂದೇ ಪದವು ನಾಡಿಗೂ ಜನಾಂಗಕ್ಕೂ ನಡೆಯಿತು. ಕೊಡವರನ್ನು ಕುರಿತು ಹೇಳಿದುದೆಲ್ಲ ಕೊಡಗಿನವರೆಲ್ಲರನ್ನು ಕುರಿತ ಮಾತಾಯಿತು. ಅರೆಭಾಷೆಯ ಗೌಡರು, ಯರವರು, ಕುಡಿಯರು ಆ ಪದದ ಮರೆಗೆ ಸರಿದರು. ಹಾಲೇರಿಯ ಅರಸರು ಕೊಡವರೆಂದು ಬರೆಯುವ ವಿದ್ಯಾರ್ಥಿಗಳು ನಮಗೆ ಇಂದಿಗೂ ದೊರೆಯುತ್ತಾರೆ. ೧೮೩೪ರಲ್ಲಿ ಪದಚ್ಯುತನಾದ ಚಿಕ್ಕವೀರರಾಜೇಂದ್ರನೂ ಅವನ ಪೂರ್ವಿಕರೂ ಲಿಂಗವಂತರು.

ಹೆಚ್ಚು ಹಾನಿಯಾದುದು ೧೮೩೭ರ ದಂಗೆಯ ವಿಷಯದಲ್ಲಿ. ಅದನ್ನು ಅಡಗಿಸಲು ನೆರವಾದವರಿಗೆ ಕಂಪನಿ ಸರ್ಕಾರವು ಪದಕಗಳನ್ನು ಕೊಟ್ಟಿತು. ಪದಕದ ಮೇಲೆ ಕೋವಿ ಹಿಡಿದ ಕೊಡಗಿನ ಯೋಧನ ಚಿತ್ರವೂ ಕನ್ನಡದ ಬರಹವೂ ಇವೆ. ಈ ಒಬ್ಬ ಯೋಧನನ್ನೇ ನಾಡಿನ ಪ್ರತಿನಿಧಿಯೆಂದೆಣಿಸಿ ‘ಕೊಡಗಿನವರು ಕಂಪನಿಗೆ ನಿಷ್ಠರಾಗಿದ್ದರು’ ಎಂದು ಬರೆದರೆ, ಅದೇ ವರ್ಷ ಮಡಿಕೇರಿಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡನು ಯಾವ ನಾಡಿನವನಾದನು? ಇದನ್ನು ತಿದ್ದಹೊರಟು ‘ಗೌಡರೆಲ್ಲ ದಂಗೆಯೆದ್ದರು, ಕೊಡವರೆಲ್ಲ ಕಂಪನಿಯ ಪಕ್ಷ’ ಎನ್ನುವವರೂ ಇದ್ದಾರೆ. ಅದೂ ಅತಿವ್ಯಾಪ್ತಿಯೇ, ಮೊದಲಿನದಕ್ಕಿಂತ ಕೆಟ್ಟುದೆಂದೇ ಹೇಳಬೇಕು, ಏಕೆಂದರೆ ಅದು ಇಂದಿನ ನೆರೆಹೊರೆಯವರ ನಡುವೆ ಹಳೆಯ ಲೆಕ್ಕವನ್ನು ತೆರೆಯುತ್ತದೆ. ಪದಕವು ದೊರೆತುದು ಕೆಲವು ವ್ಯಕ್ತಿಗಳಿಗೆ. ಗಲ್ಲಿಗೇರಿದವನೂ ಒಬ್ಬ ವ್ಯಕ್ತಿ. ವಿದ್ಯಾರ್ಥಿಗಳ ಪ್ರಬಂಧದಲ್ಲಿ ‘ಎಲ್ಲರೂ’ ಎಂಬ ಪದ ಬಂದಲ್ಲಿ ಅದನ್ನು ಹೊಡೆದುಹಾಕಿ, ದಾಖಲೆಯಲ್ಲಿ ದೊರೆತ ಹೆಸರುಗಳನ್ನು ಮಾತ್ರ ಬರೆಯುವಂತೆ ನಾವು ಹೇಳುತ್ತೇವೆ.