ಗ್ಯಾಸಿಫೈಯರ್ ಲೆಕ್ಕಾಚಾರ: ಹೊಸಹಳ್ಳಿ ಕಲಿಸಿದ ಪಾಠ

ತುಮಕೂರು ಜಿಲ್ಲೆಯ ಹೊಸಹಳ್ಳಿ ಎಂಬ ಪುಟ್ಟ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು 1988ರಲ್ಲಿ ಸೌದೆಯಿಂದ ಅನಿಲ ತಯಾರಿಸುವ ಸ್ಥಾವರವೊಂದನ್ನು ಸ್ಥಾಪಿಸಿತು. ಸ್ವಲ್ಪ ಡೀಸೆಲ್ ಜೊತೆಗೆ ಈ ಅನಿಲವನ್ನು ಬಳಸಿ ಎಂಜಿನ್ ನಡೆಸಲಾಗುತ್ತಿತ್ತು. ಮನೆದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿಗಳಿಗೆ ಅಲ್ಲಿಂದಲೇ ವಿದ್ಯುತ್ ದೊರೆಯಿತು. 2004ರಲ್ಲಿ ಪ್ರಕಟವಾದ ಇದರ ಲೆಕ್ಕಪತ್ರದಲ್ಲಿ ಉದ್ಯಮಿಗಳು ಗಮನಿಸಲೇಬೇಕಾದ ಅಂಶವೊಂದಿದೆ. 5 ಕಿಲೋವಾಟ್ ಹೊರೆಯಲ್ಲಿ ಇಂಧನ ಮತ್ತು ನಿರ್ವಹಣಾ ವೆಚ್ಚ ಯೂನಿಟ್‌ಗೆ ರೂ. 5.85, 20 ಕಿಲೋವಾಟ್ ಹೊರೆಯಲ್ಲಿ ರೂ. 3.34 ಮಾತ್ರ. ಯಂತ್ರ ಕಾಲು ಭಾಗ ದುಡಿದರೂ ಅದನ್ನು ನೋಡಿಕೊಳ್ಳುವವನ ಸಂಬಳ ಕಾಲು ಭಾಗವಾಗುವುದಿಲ್ಲ. ಬಂಡವಾಳದ ಬಡ್ಡಿ, ಸವಕಳಿಗಳನ್ನು ಸೇರಿಸಿದರೆ ಈ ಅಂತರ ಇನ್ನೂ ಹಿಗ್ಗುತ್ತದೆ.

ಅನಿಲೀಕರಣದ ತತ್ತ್ವ ಸರಳವಾದುದು. ಪೂರ್ಣ ದಹನಕ್ಕೆ ಸಾಲದಷ್ಟು ಗಾಳಿ ನೀಡಿದಾಗ ಸೌದೆ ಇದ್ದಿಲಾಗುತ್ತದೆ. ಕೆಂಡವಾದ ಇದ್ದಿಲಿನ ನಡುವೆ ಹಾಯುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯು ಕಾರ್ಬನ್ ಮಾನಾಕ್ಸೈಡ್ ಹಾಗೂ ಜಲಜನಕವಾಗಿ ಮಾರ್ಪಡುತ್ತವೆ. ಗಾಳಿಯೊಡನೆ ಬಂದ ಸಾರಜನಕವೇ ಸುಮಾರು ಅರ್ಧದಷ್ಟಿರುವ ಕಾರಣ ಘನ ಮೀಟರಿಗೆ ಸಿಗುವ ಶಾಖ 1,000ದಿಂದ 1,200 ಕಿಲೋಕ್ಯಾಲೊರಿ. ತುಂಬಿಸಿಟ್ಟು ಮಾರುವ ಸರಕು ಇದಲ್ಲ, ಹುಟ್ಟಿದಲ್ಲೇ ಉರಿಸಬೇಕು. ಎಂಜಿನ್‌ಗಾದರೆ ಡಾಂಬರಿನಂಥ ಅಂಟನ್ನು ಚೆನ್ನಾಗಿ ಶೋಧಿಸಬೇಕು, ಶೋಧಿಸಿದ ಕೊಳಕು ನೀರನ್ನೂ ಸಂಸ್ಕರಿಸಬೇಕು. ಕುಲುಮೆ, ಒಣಗಿಸುವ ಯಂತ್ರಗಳಿಗೆ ಅಷ್ಟು ಶುದ್ಧಿ ಬೇಡವಾದ್ದರಿಂದ ಸಣ್ಣ ಕೈಗಾರಿಕೆಗಳು ಶಾಖದ ಬಳಕೆಯಿಂದ ಆರಂಭಿಸುವುದು ಕ್ಷೇಮ. ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ವಿಷ. ಗಾಳಿಯಾಡದ ಕೊಠಡಿಯಲ್ಲಿ ಸ್ಥಾವರ ಕೂರಿಸುವುದು ಸರ್ವಥಾ ಕೂಡದು.

ಮೂರು, ನಾಲ್ಕು ಕಿಲೋ ಒಣ ಸೌದೆ ಒಂದು ಲೀಟರ್ ಡೀಸೆಲ್‌ಗೆ ಸಮ ಎಂಬುದು ರೂಢಿಯ ಲೆಕ್ಕ. ಇಲ್ಲಿ ‘ಒಣ’ ಎಂಬ ಪದವೇ ಮುಖ್ಯ. ತೂಕದ ಮೇಲೆ ಹಸಿ ಸೌದೆ ಕೊಂಡವರು ನೀರಿಗೂ ಹಣ ತೆತ್ತು, ಆ ನೀರನ್ನು ಆವಿಯಾಗಿಸಲು ಮತ್ತೆ ಸೌದೆ ಉರಿಸುತ್ತಾರೆ.

ತಿಪಟೂರಿನ ಕೊಬ್ಬರಿ ವಹಿವಾಟಿನಲ್ಲಿ ಉಳಿಯುವ ಕರಟ ಇದಕ್ಕೆ ಉತ್ತಮ ಕಚ್ಚಾವಸ್ತು. ಆದರೆ ನಮ್ಮ ಅಂಗಳದ್ದೇ ಎಂದು ಅದರ ಬೆಲೆಯನ್ನು ಸೊನ್ನೆ ಎಂದು ಬರೆಯುವುದು ತಪ್ಪು. ಸಕ್ರಿಯ ಇಂಗಾಲದ ತಯಾರಕರಿಗೆ ಕರಟದ ಇದ್ದಿಲು ಬೇಕು. ಆದ್ದರಿಂದ ಮಾರಿದ್ದರೆ ಬರುತ್ತಿದ್ದ ಹಣವೇ ಕರಟದ ನಿಜವಾದ ಬೆಲೆ. ಸ್ಥಾವರದ ತಳದಲ್ಲಿ ಉಳಿಯುವ ಇದ್ದಿಲಿಗೆ ಗಿರಾಕಿ ಸಿಕ್ಕರೆ ಅದನ್ನು ಜಮಾ ಭಾಗದಲ್ಲಿ ತೋರಿಸಬಹುದು. ಇದ್ದಿಲ ಪುಡಿಯನ್ನು ಮಾತ್ರ ಹಾಗೆಯೇ ಸುರಿಯುವಂತಿಲ್ಲ, ಗಾಳಿಯ ದಾರಿ ಕಟ್ಟಿಕೊಳ್ಳುತ್ತದೆ. ಅಂಟು ಬೆರೆಸಿ ಉಂಡೆಗಟ್ಟಬೇಕು. ಆ ಖರ್ಚೂ ಲೆಕ್ಕಕ್ಕೆ ಬರಬೇಕು.

ತೆರಿಗೆಯ ಆಸರೆಯನ್ನೇ ನೆಚ್ಚಿ ಹೂಡಿಕೆ ಮಾಡುವ ಕಾಲ ಹೋಯಿತು. ನವೀಕರಿಸಬಹುದಾದ ಇಂಧನ ಸಾಧನಗಳಿಗೆ ಶೇ. 80ರಷ್ಟಿದ್ದ ಸವಕಳಿ ದರ 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು. ಯಂತ್ರದ ದರಪಟ್ಟಿ ತರಿಸುವ ಮುನ್ನ ಉದ್ಯಮಿಯು ಹಿಂದಿನ 12 ತಿಂಗಳ ವಿದ್ಯುತ್ ಬಿಲ್ಲು ಮತ್ತು ಡೀಸೆಲ್ ರಸೀತಿಗಳನ್ನು ಹರಡಿಕೊಂಡು, ದಿನಕ್ಕೆ ಎಷ್ಟು ಗಂಟೆ, ಎಷ್ಟು ಹೊರೆ ಎಂದು ತಿಂಗಳುವಾರು ಬರೆದುಕೊಳ್ಳಲಿ. ಯಂತ್ರದ ಗಾತ್ರವನ್ನು ಆ ಪಟ್ಟಿ ನೋಡಿಯೇ ನಿರ್ಧರಿಸಬೇಕು.