ಮಳೆಗಾಲದ ಸಂಬಳ: ಕೊಡಗಿನ ಕಸುಬುದಾರನ 243 ದಿನ

ಚಳಿ ದೇಶಗಳಲ್ಲಿ ಡಿಸೆಂಬರ್ ಬಂತೆಂದರೆ ಗಾರೆಯವನಿಗೂ ಚಾವಣಿ ಹೊದಿಸುವವನಿಗೂ ಕೆಲಸ ಇಳಿದುಹೋಗುತ್ತದೆ. ಜರ್ಮನಿಯಲ್ಲಿ ಇದಕ್ಕೆಂದೇ ಒಂದು ಏರ್ಪಾಡಿದೆ: ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಿರ್ಮಾಣ ಕೆಲಸ ನಿಂತ ಗಂಟೆಗಳಿಗೆ, ಕೈತಪ್ಪಿದ ನಿವ್ವಳ ಸಂಬಳದಲ್ಲಿ ಶೇಕಡಾ 60ರಷ್ಟನ್ನು, ಮಕ್ಕಳಿದ್ದವರಿಗೆ 67ರಷ್ಟನ್ನು ತುಂಬಿಕೊಡುತ್ತಾರೆ. ಕೊಡಗಿನಲ್ಲಿ ಎಲ್ಲ ತಿರುಗುಮುರುಗು. ನಮ್ಮ ಚಳಿಗಾಲವೇ ಸುಗ್ಗಿ. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾಗಿ ರೊಬಸ್ಟಾ ಕಣಕ್ಕೆ ಬೀಳುವ ಹೊತ್ತಿಗೆ ತೋಟದವರ ಕೈಯಲ್ಲಿ ದುಡ್ಡು ಓಡಾಡುತ್ತದೆ. ಮನೆ ಕಟ್ಟುವುದು, ಹೋಂಸ್ಟೇಗೆ ಕೋಣೆ ಸೇರಿಸುವುದು, ಹಳೇ ವೈರಿಂಗ್ ಕಿತ್ತು ಹೊಸದು ಹಾಕಿಸುವುದು ಎಲ್ಲ ಆಮೇಲಿಂದ ಮೇ ಕೊನೆಯೊಳಗೆ ಆಗಬೇಕು. ನಮ್ಮ ಸಪ್ಪೆ ಕಾಲ ಜೂನ್‌ನಿಂದ ಸೆಪ್ಟೆಂಬರ್.

ಈ ಅಧ್ಯಾಯ ಯಾರಿಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗುತ್ತಿಗೆದಾರರ ಬಳಿಯೋ, ಎಲೆಕ್ಟ್ರಿಕಲ್ ಅಂಗಡಿಯಲ್ಲೋ, ರೆಸಾರ್ಟಿನಲ್ಲೋ ತಿಂಗಳ ಸಂಬಳಕ್ಕೆ ದುಡಿಯುವ ಎಲೆಕ್ಟ್ರಿಷಿಯನ್, ಪ್ಲಂಬರ್, ಪೇಂಟರ್, ವೆಲ್ಡರ್, ಜನರೇಟರ್ ಮೆಕ್ಯಾನಿಕ್ ಇವರಿಗೆ. ದಿನಗೂಲಿಯವರ ಕಷ್ಟ ಇನ್ನೂ ದೊಡ್ಡದು. ಅದು ಬೇರೆಯೇ ಹೊತ್ತಿಗೆಯಾಗಬೇಕಾದ ವಿಷಯ.

ಮಳೆಯಲ್ಲಿ ಕೆಲಸ ನಿಲ್ಲುವುದೇಕೆ ಎಂದು ಕೇಳಿದರೆ ಹೆಚ್ಚಿನವರು ಸಿಮೆಂಟಿನ ಕಡೆ ಬೆರಳು ತೋರಿಸುತ್ತಾರೆ. ಪಾಪದ ಸಿಮೆಂಟು! ಗಟ್ಟಿಯಾದ ಮೇಲೆ ಅದಕ್ಕೆ ನೀರೆಂದರೆ ಇಷ್ಟ. ಕ್ಯೂರಿಂಗ್ ಎಂದು ದಿನಗಟ್ಟಲೆ ನಾವೇ ಸುರಿಯುತ್ತೇವಲ್ಲ. ಕೆಡುವುದು ಅದಕ್ಕೂ ಮೊದಲು. ಒದ್ದೆ ಮರಳು ಉಬ್ಬಿ ಪೆಟ್ಟಿಗೆಯ ಅಳತೆ ತಪ್ಪುತ್ತದೆ, ಮರಳಿನೊಳಗಿನ ನೀರು ಲೆಕ್ಕಕ್ಕೆ ಸಿಗದೆ ಕಲಸಿದ್ದು ತೆಳುವಾಗುತ್ತದೆ, ಅಗೆದ ಪಾಯದ ಮಣ್ಣು ಜರಿಯುತ್ತದೆ, ತೇವದ ಗೋಡೆಗೆ ಬಣ್ಣ ಹಿಡಿಯುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದಂಥ ವರ್ಷವಾದರೆ ಸಾಮಾನೂ ಬರುವುದಿಲ್ಲ, ಆಳೂ ಬರುವುದಿಲ್ಲ. ಆದರೂ ಇಡೀ ಜಿಲ್ಲೆ ಒಟ್ಟಿಗೆ ನಿಲ್ಲುವುದಿಲ್ಲ. ಭಾಗಮಂಡಲದಲ್ಲಿ ಹೊರಗೆ ಕಾಲಿಡಲಾಗದ ದಿನವೂ ಕುಶಾಲನಗರದಲ್ಲಿ ಬರೀ ಜಿನುಗು ಇರಬಹುದು. ಪಡುವಣದ ಬೆಟ್ಟಸಾಲು ಮೋಡವನ್ನು ಹಿಂಡಿ ಉಳಿದದ್ದನ್ನಷ್ಟೇ ಮೂಡಣಕ್ಕೆ ಕಳಿಸುತ್ತದೆ. ಬುದ್ಧಿವಂತ ಗುತ್ತಿಗೆದಾರರು ಜೂನ್ ಹಿಡಿಯುವ ಮೊದಲೇ ಕುಶಾಲನಗರ ಕಡೆಯ ಕೆಲಸ ಒಪ್ಪಿಕೊಂಡಿರುತ್ತಾರೆ. ನಿಮ್ಮ ಮಾಲೀಕರು ಒಪ್ಪಿಕೊಂಡಿದ್ದಾರೆಯೇ ಎಂದು ಏಪ್ರಿಲ್‌ನಲ್ಲೇ ಕೇಳಿ.

ಈಗ ಎಲ್ಲರೂ ಎಡವುವ ಜಾಗ. ನಾನು ಮಾತಾಡಿದ ಕಡೆಯೆಲ್ಲ ಎರಡು ತಪ್ಪು ಎಣಿಕೆಗಳು ಎದುರಾಗುತ್ತವೆ. ಒಂದು, ತಿಂಗಳ ಸಂಬಳ ಎಂದ ಮೇಲೆ ಮಳೆ ಬಂದರೂ ಬಿಟ್ಟರೂ ಸಂಬಳ ಬಂದೇ ಬರುತ್ತದೆ ಎಂಬುದು. ಇನ್ನೊಂದು ಇದಕ್ಕೆ ತದ್ವಿರುದ್ಧ: ಮಾಲೀಕರು ‘ಜೂನ್‌ನಲ್ಲಿ ಮನೆಗೆ ಹೋಗು, ಕೈಲ್‌ಪೊಳ್ದ್ ಕಳೆದು ಮಳೆ ಬಿಟ್ಟ ಮೇಲೆ ಬಾ’ ಎಂದರೆ ಹಳೆಯ ಸರ್ವೀಸೆಲ್ಲ ಅಳಿಸಿಹೋಗಿ ಅಕ್ಟೋಬರ್‌ಗೆ ಹೊಸಬರಾಗಿ ಸೇರಿದ ಹಾಗೆ ಎಂಬುದು. ಎರಡನೆಯದರಿಂದ ಆಗುವ ನಷ್ಟವೇ ದೊಡ್ಡದು. ಅದನ್ನು ನಿಧಾನವಾಗಿ ಬಿಡಿಸೋಣ.

ಗ್ರಾಚ್ಯುಟಿ ಸಿಗಲು ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಬೇಕು. ವರ್ಷವೊಂದಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನವೆಂದು ಭಾಗಿಸಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,600 ರೂಪಾಯಿ ಇದ್ದರೆ ದಿನಕ್ಕೆ 600, ವರ್ಷಕ್ಕೆ 9,000, ಐದು ವರ್ಷಕ್ಕೆ 45,000. ಇದರಲ್ಲಿ ಒಂದು ವರ್ಷ ಜಾರಿದರೆ ಹೋಗುವುದು 9,000 ಅಲ್ಲ. ಐದು ತುಂಬದೆ ಇಡೀ 45,000ಕ್ಕೇ ಕುತ್ತು.

ಹಾಗಾದರೆ ನಿರಂತರ ಎಂದರೆ ಏನು? ಕಾನೂನು ಎರಡು ದಾರಿ ಇಟ್ಟಿದೆ. ಮೊದಲನೆಯದು: ಕಾಯಿಲೆ, ಒಪ್ಪಿಗೆಯ ರಜೆ, ಅಪಘಾತ, ಲೇ-ಆಫ್, ಅಥವಾ ನೌಕರನ ತಪ್ಪಿಲ್ಲದೆ ಕೆಲಸ ನಿಂತದ್ದು, ಇವುಗಳಿಂದ ಸೇವೆ ಕಡಿಯುವುದಿಲ್ಲ. ಮಳೆ ಸುರಿಸಿದ್ದು ನೀವಲ್ಲವಲ್ಲ! ಎರಡನೆಯದು: ಮೊದಲ ದಾರಿಯಲ್ಲಿ ತಕರಾರು ಬಂದರೂ, ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷ ತುಂಬಿತೆಂದೇ ಲೆಕ್ಕ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ, 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಇದ್ದ ಈ ಲೆಕ್ಕ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಮುಂದುವರಿದಿದೆ.

ಈ 240ನ್ನು ಕೊಡಗಿನ ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ಗೆ 122 ದಿನ. 365ರಲ್ಲಿ ಅದನ್ನು ಕಳೆದರೆ 243. ಅಂದರೆ ಮಳೆಗಾಲ ಪೂರ್ತಿ ಮನೆಯಲ್ಲಿದ್ದರೂ ಗೆರೆಗಿಂತ ಮೂರು ದಿನ ಮೇಲೆ! ಆದರೆ ಅಕ್ಟೋಬರ್‌ನಿಂದ ಮೇವರೆಗೆ ಸುಮಾರು 35 ಭಾನುವಾರಗಳಿವೆ. ಅವನ್ನು ಕಳೆದರೆ 208ಕ್ಕೆ ಇಳಿಯಿತು, ಗೆರೆಗಿಂತ 32 ಕೆಳಗೆ. ಯಾವುದು ಸರಿ? 1985ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ನೌಕರರ ಪ್ರಕರಣದಲ್ಲಿ, ಕೆಲಸದಿಂದ ತೆಗೆದ ವಿವಾದವನ್ನು ತೀರ್ಮಾನಿಸುತ್ತ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಸಂಬಳ ಕೊಟ್ಟ ಭಾನುವಾರ, ಸಂಬಳಸಹಿತ ರಜೆದಿನ ಇವನ್ನೂ ದುಡಿದ ದಿನಗಳೆಂದೇ ಎಣಿಸಬೇಕು. ತಿಂಗಳ ಸಂಬಳಕ್ಕೂ ದಿನಗೂಲಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಒಂದೇ ಸೈಟು, ಒಂದೇ ಏಣಿ, ಒಂದೇ ಕೆಲಸ. ಒಬ್ಬನ ವರ್ಷ 243, ಇನ್ನೊಬ್ಬನದು 208. ಈ ಲೆಕ್ಕವನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಮೂರು ದಿನದ ಅಂಚು ಎಷ್ಟು ತೆಳ್ಳಗಿನದೆಂದೂ ಗೊತ್ತಿರಲಿ. ಹುತ್ತರಿಗೆಂದು ಹೇಳದೆ ಕೇಳದೆ ನಾಲ್ಕು ದಿನ ತಪ್ಪಿಸಿಕೊಂಡರೆ ಅದು ಮುಗಿಯಿತು. ಅದಕ್ಕೇ ಹಾಜರಿ ಪುಸ್ತಕದ ಆ ಪುಟ್ಟ ಚೌಕದಲ್ಲಿ ಏನು ಬರೆದಿದ್ದಾರೆಂಬುದು ಮುಖ್ಯ. ಮಳೆಗೆ ಕೆಲಸ ನಿಂತ ದಿನಕ್ಕೆ ಗುಮಾಸ್ತ ಅಭ್ಯಾಸಬಲದಿಂದ ‘ಗೈರು’ ಎಂದು ಗೀಚಿದರೆ, ಕಾಗದದ ಮೇಲೆ ತಪ್ಪು ನಿಮ್ಮದಾಯಿತು. ‘ಕೆಲಸವಿಲ್ಲ’ ಎಂದೋ ‘ಲೇ-ಆಫ್’ ಎಂದೋ ಬರೆದರೆ ಮೊದಲ ದಾರಿ ತೆರೆದೇ ಇರುತ್ತದೆ. ‘ರಜೆ’ ಎಂದು ಬರೆದರೆ ನಿಮ್ಮ ಗಳಿಕೆ ರಜೆಯಿಂದ ಕಳೆಯುತ್ತಾರೆ, ಆದರೆ ಆ ದಿನದ ಸಂಬಳ ಬರಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ 20 ದಿನ ದುಡಿದರೆ ಒಂದು ದಿನದ ಸಂಬಳಸಹಿತ ರಜೆ. ಸುಗ್ಗಿಯಲ್ಲಿ ಮುಟ್ಟದೆ ಇಟ್ಟರೆ ಕಕ್ಕಡದ ಜಡಿಮಳೆಗೆ ಹತ್ತು ದಿನಕ್ಕೆ ಕಡಿಮೆಯಿಲ್ಲ. ತಿಂಗಳ ಕೊನೆಗೆ ಆ ಪುಟದ ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ಜಗಳಕ್ಕಲ್ಲ, ನೆನಪಿಗೆ.

ಇನ್ನು ಮೊದಲನೆಯ ತಪ್ಪು ಎಣಿಕೆ. ಲೇ-ಆಫ್ ಆದಾಗ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕೆಂಬ ನಿಯಮ ಇದೆ. ಆದರೆ ಅದು 50 ಅಥವಾ ಹೆಚ್ಚು ಕೆಲಸಗಾರರಿರುವ ಕೈಗಾರಿಕಾ ಸಂಸ್ಥೆಗೆ, ಅದೂ ಋತುಮಾನದ ಸಂಸ್ಥೆ ಅಲ್ಲದಿದ್ದರೆ. ಗೋಣಿಕೊಪ್ಪದ ಎಂಟು ಜನರ ಎಲೆಕ್ಟ್ರಿಕಲ್ ಅಂಗಡಿಗೆ ತಾಗುವುದಿಲ್ಲ. ಹಾಗೆಂದು ಸಣ್ಣ ಮಾಲೀಕರು ಬಾಯಿಮಾತಿನಲ್ಲಿ ಸಂಬಳ ನಿಲ್ಲಿಸಬಹುದೇ? 1976ರ ಫೈರ್‌ಸ್ಟೋನ್ ಟೈರ್ ಪ್ರಕರಣದಲ್ಲಿ, 50ಕ್ಕಿಂತ ಕಡಿಮೆ ಜನರಿದ್ದ ಕಡೆಯ ಲೇ-ಆಫ್ ಕುರಿತೇ ಸುಪ್ರೀಂ ಕೋರ್ಟ್ ವಿಚಾರ ಮಾಡಿತು. ಕರಾರಿನಲ್ಲೋ ಸ್ಥಾಯೀ ಆದೇಶದಲ್ಲೋ ಅಂಥ ಅಧಿಕಾರ ಇಲ್ಲದಿದ್ದರೆ ಮಾಲೀಕರಿಗೆ ಸಂಬಳದ ಹೊಣೆ ತಪ್ಪುವುದಿಲ್ಲ ಎಂಬುದು ಅದರ ತಿರುಳು. ಹಾಗಾಗಿ ಸಣ್ಣ ಅಂಗಡಿಯವರಿಗೆ ನೇಮಕದ ಚೀಟಿಯೇ ಎಲ್ಲ. ಅದರಲ್ಲಿ ಮಳೆಗಾಲದ ಬಗ್ಗೆ ಒಂದು ಸಾಲು ಇರಲಿ: ಕೆಲಸ ನಿಂತರೆ ಎಷ್ಟು ಕೊಡುತ್ತಾರೆ, ಎಷ್ಟು ದಿನ. ಕೋರ್ಟಿಗೆ ಹೋಗಿ ಸಣ್ಣ ಊರಿನಲ್ಲಿ ಮುಖ ಕೆಡಿಸಿಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸುಗ್ಗಿಯಲ್ಲಿ, ಅವರಿಗೆ ನಿಮ್ಮ ಕೈ ಬೇಕಾಗಿರುವಾಗ, ಆ ಸಾಲನ್ನು ಬರೆಸಿಕೊಳ್ಳಿ. ಜೂನ್ ಹತ್ತಕ್ಕೆ ಕೇಳಿದರೆ ಬೆಲೆಯಿಲ್ಲ.

ಇಎಸ್‌ಐ ಇರುವವರಿಗೆ ಇನ್ನೊಂದು ಅಂಕಿ: 78. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಲ್ಲಿ 78 ದಿನದ ವಂತಿಗೆ ಇದ್ದರೆ ಮಾತ್ರ ಮುಂದಿನ ಜನವರಿ–ಜೂನ್‌ನಲ್ಲಿ ಕಾಯಿಲೆ ಭತ್ಯೆ, ಅಂದರೆ ದಿನದ ಸಂಬಳದ ಶೇಕಡಾ 70. ಏಪ್ರಿಲ್, ಮೇ ಸೇರಿ 61 ದಿನ. ಮಳೆಗಾಲದಲ್ಲಿ ಇನ್ನು 17 ಸಂಬಳದ ದಿನ ಸಿಗದಿದ್ದರೆ ಸುಗ್ಗಿಯಲ್ಲಿ ಮಲಗಿದಾಗ ಭತ್ಯೆಯಿಲ್ಲ. ಕೆಲಸದ ಅಪಘಾತಕ್ಕೆ ಈ ಲೆಕ್ಕ ಅಡ್ಡಬರುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸ ಸಾಕು. ವೈರಿಂಗ್, ಪ್ಲಂಬಿಂಗ್, ಬಣ್ಣದವರಿಗೂ ಅದು ಸಿಗುತ್ತದೆ. ಮಳೆಗಾಲದ ಸಂಬಳ ಅದರಿಂದ ಬರುವುದಿಲ್ಲ, ಮಕ್ಕಳ ಓದಿಗೆ ನೆರವಾಗುತ್ತದೆ.

ದುಡ್ಡಿನ ವಿಷಯ ಚುಟುಕಾಗಿ ಮುಗಿಸುತ್ತೇನೆ. ಕೊಡಗಿನ ಮನೆಯವರಿಗೆ ಮೇ ತಿಂಗಳಲ್ಲಿ ಸೌದೆ ಒಟ್ಟಬೇಕೆಂದು ಯಾರೂ ಕಲಿಸಬೇಕಿಲ್ಲ. ಸಂಬಳವನ್ನೂ ಹಾಗೇ ಒಟ್ಟಬೇಕು. ಓವರ್‌ಟೈಮ್, ಸೈಟು ಭತ್ಯೆ ಸೇರಿದ ಮಾರ್ಚ್ ಸಂಬಳ ನೋಡಿ ಸಾಲದ ಕಂತು ಒಪ್ಪಿಕೊಳ್ಳಬೇಡಿ. ಜುಲೈ ಸಂಬಳ ನೋಡಿ ಒಪ್ಪಿಕೊಳ್ಳಿ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಇದಕ್ಕೆ ಹೊಂದದು. ಬ್ಯಾಂಕಿನಲ್ಲಿ ಅಕ್ಟೋಬರ್‌ನಲ್ಲಿ ಶುರುಮಾಡಿ ಎಂಟು ತಿಂಗಳ ಆರ್‌ಡಿ ಇಟ್ಟರೆ ಶಾಲೆಯ ಫೀಸು ಕಟ್ಟುವ ಜೂನ್‌ಗೆ ಸರಿಯಾಗಿ ಕೈಗೆ ಬರುತ್ತದೆ. ಮಾಲೀಕರ ಮುಂಗಡ ತೆಗೆದುಕೊಂಡಿರಾದರೆ, ಒಂದು ತಿಂಗಳ ಒಟ್ಟು ಕಡಿತ ಸಂಬಳದ ಅರ್ಧ ಮೀರುವಂತಿಲ್ಲ ಎಂಬುದು ತಿಳಿದಿರಲಿ.

ಕಡೆಗೆ ನನಗೆ ಅತಿ ಪ್ರಿಯವಾದ ಮಾತು. ಮಳೆಗಾಲದಲ್ಲೇ ಚೆನ್ನಾಗಿ ಆಗುವ ಕೆಲಸಗಳಿವೆ. ಕಾಫಿ ಪಲ್ಪರ್‌ನ ಮೋಟಾರು ಕುಯ್ಲು ಮುಗಿದ ಮೇಲೆ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ತಣ್ಣಗೆ ಕೂತಿರುತ್ತದೆ. ಸುತ್ತು ತಂತಿಯೊಳಗೆ ತೇವ ಸೇರುತ್ತದೆ. ನವೆಂಬರ್‌ನಲ್ಲಿ ಹಣ್ಣು ಬಂದು ಬಿದ್ದ ದಿನ ಸ್ವಿಚ್ ಒತ್ತಿದಾಗ ಅದು ಸುಡುತ್ತದೆ, ಆಗ ಎಲ್ಲರೂ ರಿವೈಂಡಿಂಗ್ ಅಂಗಡಿಗೆ ಓಡುತ್ತಾರೆ. ಆಗಸ್ಟ್‌ನಲ್ಲಿ ಹೋಗಿ ಮೆಗ್ಗರ್ ಹಿಡಿದರೆ ರೋಗ ಕಣ್ಣಿಗೇ ಕಾಣುತ್ತದೆ. ಇನ್ಸುಲೇಷನ್ ದೋಷ ಹುಡುಕಲು ಒದ್ದೆಗಾಲಕ್ಕಿಂತ ಒಳ್ಳೆಯ ಕಾಲವಿಲ್ಲ. ಬೇಸಿಗೆಯಲ್ಲಿ ಸುಮ್ಮನಿದ್ದ ಹಳೇ ವೈರಿಂಗ್ ಜುಲೈನಲ್ಲಿ ಆರ್‌ಸಿಸಿಬಿಯನ್ನು ಬೀಳಿಸಿ ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತದೆ. ಅರ್ತಿಂಗ್ ಮಾತ್ರ ಉಲ್ಟಾ. ನೆಲ ನೆನೆದಾಗ ಅಳೆದರೆ ಎಂಥ ಗುಂಡಿಯೂ ಪಾಸಾಗುತ್ತದೆ, ಹಾಗಾಗಿ ಅದನ್ನು ಏಪ್ರಿಲ್‌ನ ಒಣ ಮಣ್ಣಿನಲ್ಲೇ ಅಳೆಯಬೇಕು. ಹೂಮಳೆ ಕೈಕೊಟ್ಟಾಗ ತೋಟಕ್ಕೆ ನೀರು ಹಾರಿಸಿದ ಸ್ಪ್ರಿಂಕ್ಲರ್ ಪಂಪುಗಳು, ಮರ ಬಿದ್ದು ಕರೆಂಟು ಹೋದಾಗ ದಿನಗಟ್ಟಲೆ ಓಡುವ ಜನರೇಟರುಗಳು, ಇವಕ್ಕೂ ಇದೇ ತಪಾಸಣೆಯ ಕಾಲ.

ಸಂಬಳದವರು ಇದನ್ನು ಕದ್ದುಮುಚ್ಚಿ ಸ್ವಂತಕ್ಕೆ ಮಾಡಬೇಕಿಲ್ಲ. ಹತ್ತು ತೋಟಗಳ ಪಲ್ಪರ್, ಪಂಪ್‌ಸೆಟ್ಟುಗಳ ಪಟ್ಟಿ ಮಾಡಿ, ಪ್ರತಿಯೊಂದರ ಅಶ್ವಶಕ್ತಿ, ಕೊನೆಯ ಸಲ ಬಿಚ್ಚಿದ ತಿಂಗಳು ಬರೆದು ಮೇ ತಿಂಗಳಲ್ಲಿ ಮಾಲೀಕರ ಮೇಜಿನ ಮೇಲಿಡಿ. ಮಳೆಗಾಲದಲ್ಲಿ ನಿಮ್ಮನ್ನು ಮನೆಗೆ ಕಳಿಸುವ ಕಾರಣ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಕಾನೂನಿನ ಭಾಗವನ್ನು ನನ್ನ ಬಾಯಿಂದ ಕೇಳಿ ಬಿಡಬೇಡಿ. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿರಂತರ ಸೇವೆಯನ್ನು ವಿವರಿಸುವ 54ನೇ ಕಲಮನ್ನು ನೀವೇ ಓದಿ. ಒಂದು ಪುಟದ್ದು, ಎರಡು ಸಲ ಓದಿದರೆ ತಿಳಿಯುತ್ತದೆ. ಅರ್ಥವಾಗದ್ದಕ್ಕೆ ಗೆರೆ ಹಾಕಿಕೊಂಡು ಕಾರ್ಮಿಕ ಇಲಾಖೆಗೆ ಹೋಗಿ ಕೇಳಿ. ಐಟಿಐ ಮುಗಿಸಿದ ಹುಡುಗರಲ್ಲಿ ಇನ್ನೊಂದು ಕೋರಿಕೆ: ಒಂದು ಪಲ್ಪರ್ ಮೋಟಾರನ್ನು ಆರಿಸಿಕೊಂಡು ಜೂನ್‌ನಿಂದ ನವೆಂಬರ್‌ವರೆಗೆ ವಾರಕ್ಕೊಮ್ಮೆ ಅದರ ಇನ್ಸುಲೇಷನ್ ಅಳತೆ ಬರೆದಿಡಿ, ಪಕ್ಕದಲ್ಲೇ ಆ ವಾರ ಬಿದ್ದ ಮಳೆ. ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಹೇಗೂ ಗೋಡೆಯ ಮೇಲೆ ಸಿಗುತ್ತದೆ.