ಮಿದುಳಿಗೆ ಪೆಟ್ಟಾದವರು ಮನೆಗೆ ಬಂದಾಗ

ಬೆಳಿಗ್ಗೆ ಊಟ ಮಾಡಿ ಕಚೇರಿಗೆ ಹೊರಟವನು ಸಂಜೆಯ ಹೊತ್ತಿಗೆ ಆಸ್ಪತ್ರೆಯ ಮಂಚದ ಮೇಲೆ ಎಚ್ಚರವಿಲ್ಲದೆ ಮಲಗಿರುವನೆಂಬ ಸುದ್ದಿಯು ಯಾವ ಮನೆಗೂ ಬಾರದಿರಲಿ. ಆದರೆ ವಾಹನಗಳು ತುಂಬಿದ ನಮ್ಮ ನಗರಗಳಲ್ಲಿ ಇಂತಹ ಸುದ್ದಿ ಅಪರೂಪವಾಗಿ ಉಳಿದಿಲ್ಲ. ವೈದ್ಯರ ಕೌಶಲ್ಯದಿಂದ ಪ್ರಾಣವುಳಿಯಿತೆಂದೂ, ಕೆಲವು ವಾರಗಳಲ್ಲಿ ರೋಗಿಯನ್ನು ಮನೆಗೆ ಕರೆತಂದರೆಂದೂ ಇಟ್ಟುಕೊಳ್ಳೋಣ. ಗಾಯ ಮಾಯ್ದಿದೆ, ನಡೆಯಬಲ್ಲನು, ಮಾತನಾಡಬಲ್ಲನು. ನೆಂಟರಿಷ್ಟರು ಬಂದು 'ಗಂಡಾಂತರ ಕಳೆಯಿತು' ಎಂದು ಹೇಳಿ ಹೋಗುತ್ತಾರೆ. ಮನೆಯವರ ನಿಜವಾದ ಕಷ್ಟ ಆರಂಭವಾಗುವುದು ಅನಂತರವೇ. ಶಾಂತಸ್ವಭಾವದವನು ಪಾತ್ರೆ ಬಿದ್ದ ಸದ್ದಿಗೆ ರೇಗುತ್ತಾನೆ. ಲೆಕ್ಕದಲ್ಲಿ ಚತುರನಾಗಿದ್ದವನು ಈಗತಾನೆ ಕೇಳಿದ ಮಾತನ್ನೇ ಮತ್ತೆ ಕೇಳುತ್ತಾನೆ. 'ಬಂದವರು ಅವರೇ, ಆದರೂ ಅವರಲ್ಲ' ಎಂದು ಹೆಂಡತಿ ಯಾರಿಗೂ ಕಾಣದಂತೆ ಕಣ್ಣೀರಿಡುತ್ತಾಳೆ. ಇಂತಹ ಮನೆಯವರು ಏನು ಮಾಡಬಹುದೆಂಬುದನ್ನು ನಾವು ಈಗ ವಿಚಾರ ಮಾಡೋಣ.

ಮೊದಲು ಕಾರಣವನ್ನು ತಿಳಿಯಬೇಕು. ಮಿದುಳು ಬಹಳ ಮೃದುವಾದ ಅಂಗ. ತಲೆಬುರುಡೆಯ ಒಳಗೆ ಅದು ದ್ರವದಲ್ಲಿ ತೇಲುವಂತಿರುತ್ತದೆ. ವೇಗವಾಗಿ ಸಾಗುತ್ತಿದ್ದ ತಲೆಯು ಥಟ್ಟನೆ ನಿಂತಾಗ ಅದು ಬುರುಡೆಗೆ ಬಡಿಯುತ್ತದೆ, ತಿರುಚಿಕೊಳ್ಳುತ್ತದೆ; ಒಂದು ಭಾಗದಿಂದ ಮತ್ತೊಂದು ಭಾಗಕ್ಕೆ ಸುದ್ದಿಯನ್ನೊಯ್ಯುವ ಎಳೆಗಳು ಜಗ್ಗಿ ಕೆಡುತ್ತವೆ. ಹಣೆಯ ಹಿಂದೆಯೂ ಕಪೋಲಗಳ ಬಳಿಯೂ ಇರುವ ಭಾಗಗಳಿಗೆ ಏಟು ತಗಲುವುದು ಹೆಚ್ಚು. ಕೋಪವನ್ನು ತಡೆಯುವುದು, ಹಿಂದುಮುಂದು ನೋಡುವುದು, ಕೆಲಸವನ್ನು ತಾನಾಗಿ ಆರಂಭಿಸುವುದು, ಹೊಸದನ್ನು ನೆನಪಿನಲ್ಲಿಡುವುದು, ಇವೆಲ್ಲ ಬಹುಮಟ್ಟಿಗೆ ಆ ಭಾಗಗಳ ಆಶ್ರಯದಲ್ಲಿಯೇ ನಡೆಯುತ್ತವೆ. ಆದುದರಿಂದ ರೋಗಿಯ ಜಡತ್ವವನ್ನು ಸೋಮಾರಿತನವೆಂದಾಗಲಿ, ಸಿಟ್ಟನ್ನು ದ್ವೇಷವೆಂದಾಗಲಿ, ಮರೆವನ್ನು ಅಲಕ್ಷ್ಯವೆಂದಾಗಲಿ ತಿಳಿಯಬಾರದು. ಕೈ ಮುರಿದವನಿಗೆ ಕೊಡ ಹೊರು ಎನ್ನುವವರುಂಟೆ? ಇಲ್ಲಿ ಕೆಟ್ಟಿರುವುದು ಕಣ್ಣಿಗೆ ಕಾಣದು, ಅಷ್ಟೇ ಭೇದ. ತನ್ನಲ್ಲಿ ಊನವುಂಟಾಗಿದೆಯೆಂಬುದೇ ಕೆಲವು ವೇಳೆ ರೋಗಿಗೆ ತಿಳಿಯದು. ಅದೂ ಪೆಟ್ಟಿನ ಫಲವೇ.

ಈ ವಿಷಯದಲ್ಲಿ ವೈದ್ಯಲೋಕವು ಇಂದಿಗೂ ನೆನೆಯುವ ವೃತ್ತಾಂತವೊಂದಿದೆ. ಅಮೆರಿಕದ ವರ್ಮಾಂಟ್ ಸಂಸ್ಥಾನದ ಕ್ಯಾವೆಂಡಿಷ್ ಎಂಬ ಊರಿನ ಬಳಿ ೧೮೪೮ರ ಸೆಪ್ಟೆಂಬರ್ ೧೩ರಂದು ರೈಲುದಾರಿಗಾಗಿ ಬಂಡೆ ಒಡೆಯುತ್ತಿದ್ದರು. ಕೂಲಿಗಳ ಮೇಸ್ತ್ರಿ ಫಿನಿಯಸ್ ಗೇಜ್, ೨೫ ವರ್ಷದ ಯುವಕ. ಕುಳಿಯಲ್ಲಿ ತುಂಬಿದ್ದ ಸಿಡಿಮದ್ದು ಅಕಾಲದಲ್ಲಿ ಹೊತ್ತಿಕೊಂಡಿತು. ಮದ್ದನ್ನು ಕುಟ್ಟುವ, ಮೂರೂವರೆ ಅಡಿಗಿಂತ ಉದ್ದವಾದ, ೧೩ ಪೌಂಡ್ ಮೀರಿದ ಕಬ್ಬಿಣದ ಸಲಾಕೆಯು ಅವನ ಎಡಗೆನ್ನೆಯ ಕೆಳಗೆ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಆಶ್ಚರ್ಯವೇನೆಂದರೆ ಅವನು ಸಾಯಲಿಲ್ಲ; ಎತ್ತಿನ ಗಾಡಿಯಲ್ಲಿ ಕುಳಿತೇ ಬಿಡಾರಕ್ಕೆ ಬಂದನು. ಜಾನ್ ಹಾರ್ಲೋ ಎಂಬ ವೈದ್ಯರ ಆರೈಕೆಯಿಂದ ಸುಮಾರು ಹತ್ತು ವಾರಗಳಲ್ಲಿ ತಂದೆತಾಯಿಗಳ ಮನೆಗೆ ಮರಳಿದನು. ಆದರೆ ಸಮರ್ಥನೆಂದು ಮೆಚ್ಚಿದ್ದ ಧಣಿಗಳೇ ಅವನಿಗೆ ಮತ್ತೆ ಆ ಕೆಲಸ ಕೊಡಲಿಲ್ಲ. ಅವನು ಚಂಚಲನೂ ಒರಟುಮಾತಿನವನೂ ಆಗಿದ್ದನು. ಹಳೆಯ ಗೆಳೆಯರಿಗೆ ಬೇರೊಬ್ಬನಂತೆ ಕಂಡನು.

ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಬಹಳ. ಇದರ ಉತ್ತರಾರ್ಧವೇ ನಮಗೆ ಬೇಕಾದದ್ದು. ಗೇಜ್ ಕೆಲವು ಕಾಲ ಕುದುರೆಲಾಯದಲ್ಲಿ ದುಡಿದು, ೧೮೫೨ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋದನು. ಅಲ್ಲಿ ಸುಮಾರು ಏಳು ವರ್ಷ ಕುದುರೆಗಳನ್ನು ನೋಡಿಕೊಂಡು, ಪ್ರಯಾಣಿಕರ ಸಾರೋಟನ್ನು ನಡೆಸಿದನು. ಕುದುರೆಗಳನ್ನು ಹೂಡುವುದು, ಪ್ರಯಾಣಿಕರನ್ನು ಹತ್ತಿಸುವುದು, ಪರಿಚಿತವಾದ ದಾರಿಯಲ್ಲಿ ಹೊತ್ತಿಗೆ ಸರಿಯಾಗಿ ಹೋಗುವುದು: ದಿನದಿನವೂ ಇದೇ ಕ್ರಮ. ಆ ಕಾಲದಲ್ಲಿ ಅವನನ್ನು ಕಂಡಿದ್ದ ವೈದ್ಯರೊಬ್ಬರಿಗೆ ಅವನ ಬುದ್ಧಿಶಕ್ತಿಯಲ್ಲಿ ಕೊರತೆ ಕಾಣಲಿಲ್ಲ. ಈ ನಿಯತವಾದ ದಿನಚರಿಯೇ ಅವನ ಮನಸ್ಸಿಗೆ ಊರುಗೋಲಾಯಿತೆಂದು ಇತ್ತೀಚಿನ ವಿದ್ವಾಂಸರು ಊಹಿಸುತ್ತಾರೆ.

ಮನೆಯವರು ಮಾಡಬೇಕಾದುದೂ ಇದನ್ನೇ. ಮಿದುಳಿನೊಳಗೆ ಕೆಟ್ಟ ಕ್ರಮವನ್ನು ಮನೆಯೊಳಗೆ ಕಟ್ಟಿಕೊಡಬೇಕು. ಏಳುವುದು, ಸ್ನಾನ, ಊಟ, ನಡಿಗೆ, ನಿದ್ರೆಗಳಿಗೆ ಹೊತ್ತು ಗೊತ್ತಾಗಿರಲಿ. ಕಣ್ಣಿಗೆ ಬೀಳುವಲ್ಲಿ ದೊಡ್ಡ ಗಡಿಯಾರವೂ ಪಂಚಾಂಗವೂ ಇರಲಿ. ಕೈಯಲ್ಲೊಂದು ಪುಸ್ತಕವಿದ್ದು, ಬಂದವರು, ನಡೆದದ್ದು, ಮಾಡಬೇಕಾದದ್ದು ಅದರಲ್ಲಿ ಬರೆಯಲ್ಪಡಲಿ. ಕನ್ನಡಕ, ಬೀಗದ ಕೈ, ಔಷಧಿಗಳಿಗೆ ಒಂದೇ ಸ್ಥಳವಿರಲಿ. 'ನಾನು ಯಾರು ಹೇಳು' ಎಂದು ಪರೀಕ್ಷಿಸುವುದು ನಮ್ಮಲ್ಲಿ ವಾಡಿಕೆ. ಅದನ್ನು ಬಿಟ್ಟು 'ನಾನು ನಿಮ್ಮ ಸೋದರತ್ತೆಯ ಮಗ' ಎಂದು ತಿಳಿಸುವುದೇ ಉಪಕಾರ. ಒಬ್ಬರಾದ ಮೇಲೆ ಒಬ್ಬರು, ಚಿಕ್ಕ ವಾಕ್ಯಗಳಲ್ಲಿ ಮಾತನಾಡಿ, ಉತ್ತರಕ್ಕಾಗಿ ಕಾಯಬೇಕು. ಗಾಯಗೊಂಡ ಮಿದುಳು ಬೇಗ ದಣಿಯುತ್ತದೆ. ದಣಿವಿನ ಬೆನ್ನಿಗೇ ಸಿಟ್ಟು ಬರುತ್ತದೆ. ಆದುದರಿಂದ ಗದ್ದಲವೂ ನೆಂಟರ ಗುಂಪೂ ಮಿತವಾಗಿರಲಿ. ಸಿಟ್ಟು ಬಂದಾಗ ವಾದ ಬೇಡ. ಮಾತನ್ನು ಬೇರೆಡೆಗೆ ತಿರುಗಿಸಿ, ಸ್ವಲ್ಪ ಹೊತ್ತು ಏಕಾಂತ ಕೊಡುವುದು ಲೇಸು.

ಪ್ರೀತಿಯ ಭರದಲ್ಲಿ ಎಲ್ಲವನ್ನೂ ನಾವೇ ಮಾಡಿಬಿಡುವುದು ಇನ್ನೊಂದು ತಪ್ಪು. ಅಭ್ಯಾಸದಿಂದ ಮಿದುಳು ಹೊಸ ದಾರಿಗಳನ್ನು ಕಂಡುಕೊಳ್ಳುತ್ತದೆ. ಕೆಲಸವೇ ಇಲ್ಲದಿದ್ದರೆ ಅಭ್ಯಾಸವೆಲ್ಲಿ? ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೂ ಹಿಡಿಯಲಿ. ಹುರುಳಿಕಾಯಿ ಮುರಿಯುವುದು, ಹೂವಿನ ಗಿಡಕ್ಕೆ ನೀರೆರೆಯುವುದು ಚಿಕ್ಕ ಕೆಲಸವಾದರೂ 'ನಾನು ಈ ಮನೆಗೆ ಬೇಕಾದವನು' ಎಂಬ ಭಾವವನ್ನು ಅದು ಹುಟ್ಟಿಸುತ್ತದೆ. ಮೊದಲ ಆರು ತಿಂಗಳಲ್ಲಿ ಗುಣವು ಸಾಮಾನ್ಯವಾಗಿ ಬೇಗ ಕಾಣುತ್ತದೆ. ಅನಂತರ ನಿಧಾನವಾದರೂ ವರ್ಷಗಳವರೆಗೆ ಮುಂದುವರಿಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹವರನ್ನು ಮತ್ತೆ ಬದುಕಿಗೆ ಹೊಂದಿಸುವ ವಿಭಾಗವಿದೆ. ಮಾತು ಕೆಟ್ಟವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ನೆರವುಂಟು.

ಕೆಲವು ಎಚ್ಚರಿಕೆಗಳು ಅವಶ್ಯ. ತಲೆನೋವು ಏರುತ್ತ ಹೋಗುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಸೆಳವು, ಕೈಕಾಲುಗಳಲ್ಲಿ ಹೊಸದಾಗಿ ಬಲ ತಗ್ಗುವುದು, ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸೆಳವಿಗೆ ಕೊಟ್ಟ ಔಷಧಿಯನ್ನು ವೈದ್ಯರ ಅಪ್ಪಣೆಯಿಲ್ಲದೆ ನಿಲ್ಲಿಸಕೂಡದು. ಮದ್ಯವನ್ನು ಮುಟ್ಟಬಾರದು, ವೈದ್ಯರು ಒಪ್ಪುವವರೆಗೆ ವಾಹನ ನಡೆಸಬಾರದು.

ಶುಶ್ರೂಷೆ ಮಾಡುವವರ ಮಾತನ್ನೂ ಹೇಳಬೇಕು. ನಮ್ಮ ಮನೆಗಳಲ್ಲಿ ಈ ಭಾರವೆಲ್ಲ ಹೆಂಡತಿಯ ಅಥವಾ ತಾಯಿಯ ತಲೆಯ ಮೇಲೆಯೇ ಬೀಳುತ್ತದೆ. ಆಕೆಗೆ ರಾತ್ರಿಯ ನಿದ್ರೆಯೂ ವಾರಕ್ಕೊಂದು ಅಪರಾಹ್ನದ ಬಿಡುವೂ ದೊರಕುವಂತೆ ಉಳಿದವರು ಸರದಿಯ ಮೇಲೆ ನಿಲ್ಲಬೇಕು. ಹಣ್ಣು ಹಿಡಿದು ನೋಡಲು ಬರುವ ನೆಂಟರು ಎರಡು ಗಂಟೆ ಕಾವಲು ಕುಳಿತರೆ ಅದೇ ದೊಡ್ಡ ಸಹಾಯ. ಮುಂಚಿನ ಗಂಡನನ್ನು ಕಳೆದುಕೊಂಡೆನೆಂದು ಆಕೆ ಅತ್ತರೆ ಅದು ಅಮಂಗಲವಲ್ಲ. ಆ ದುಃಖ ನಿಜವಾದುದು.

ಗೇಜ್ ೧೮೫೯ರಲ್ಲಿ ಆರೋಗ್ಯ ಕೆಟ್ಟು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ತಾಯಿಯ ಬಳಿಗೆ ಬಂದನು. ಸೆಳವು ಬಂದು ೧೮೬೦ರ ಮೇ ತಿಂಗಳಲ್ಲಿ ತೀರಿಕೊಂಡನು. ಅವನ ತಾಯಿ ಅನಂತರ ಹಾರ್ಲೋ ಅವರಿಗೆ ತಿಳಿಸಿದ ಸಂಗತಿಗಳಲ್ಲಿ ಒಂದು ಇದು: ಒಡಹುಟ್ಟಿದವರ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ತಾನು ಕಟ್ಟಿದ ಸಾಹಸದ ಕಥೆಗಳನ್ನು ಅವನು ಹೇಳುತ್ತಿದ್ದನಂತೆ. ಗೆಳೆಯರು ಕಳೆದುಹೋದವನನ್ನು ಹುಡುಕುತ್ತಿದ್ದರು. ಮಕ್ಕಳಿಗೆ ಎದುರಿಗಿದ್ದವನೇ ಸಾಕಾಗಿತ್ತು. 'ಮೊದಲಿನಂತೆ ಎಂದು ಆಗುವರು?' ಎಂದು ಕೇಳುವ ಮನೆಯವರಿಗೆ ನಾವು ಖಚಿತವಾದ ದಿನವನ್ನು ಹೇಳಲಾರೆವು. ಈ ದಿನ ಅವರಿಂದ ಏನಾದೀತೆಂದು ನೋಡಿ, ಅದಕ್ಕೆ ಎಡೆಮಾಡಿಕೊಡಿರೆಂದು ಮಾತ್ರ ಹೇಳಬಲ್ಲೆವು.